ಸುಂಕದವನ ಮುಂದೆ ಸುಖದುಃಖ: ತೆರಿಗೆ ಸುಧಾರಣೆ ಏಕೆ ಕೈಗೂಡುವುದಿಲ್ಲ?

2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣ ಮಾಡಲು ತೀರ್ಮಾನಿಸಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ 2007ರ ಆಗಸ್ಟ್‌ನಲ್ಲಿ ರಚಿಸಿದ ಜಿಲ್ಲೆ ಇದು. ಹೊಸ ಹೆಸರಿನ ಪರ ಮತ್ತು ವಿರೋಧವಾಗಿ ಸಾಕಷ್ಟು ವಾಗ್ವಾದ ನಡೆಯಿತು. ಆ ಚರ್ಚೆಯನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ಆದರೆ ಪರವಾಗಿ ಮಂಡಿತವಾದ ಒಂದು ವಾದ ನನ್ನ ಗಮನ ಸೆಳೆಯಿತು: ಬೆಂಗಳೂರಿನ ಹೆಸರು ಬಂದರೆ ಬಂಡವಾಳ ಬರುತ್ತದೆ, ಭೂಮಿಯ ಬೆಲೆ ಏರುತ್ತದೆ. ಏರಬಹುದು. ಆದರೆ ಹಾಗೆ ಏರುವ ಬೆಲೆಯಲ್ಲಿ ಎಷ್ಟು ಪಾಲು ಈ ಊರುಗಳ ಚರಂಡಿಗೆ, ಕುಡಿಯುವ ನೀರಿಗೆ, ಶಾಲೆಗೆ ಮರಳಿ ಬರುತ್ತದೆ ಎಂಬ ಪ್ರಶ್ನೆಯನ್ನು ಪರ ಇದ್ದವರೂ ಕೇಳಲಿಲ್ಲ, ವಿರೋಧಿಸಿದವರೂ ಕೇಳಲಿಲ್ಲ.

ಜಿಲ್ಲೆಯೊಂದರ ಹೆಸರು ಬದಲಾಯಿಸಲು ಒಂದು ಅಧಿಸೂಚನೆ ಸಾಕಾಗುತ್ತದೆ. ತೆರಿಗೆಯೊಂದರ ಸ್ವರೂಪ ಬದಲಾಯಿಸಲು ದಶಕಗಳು ಸಾಲುವುದಿಲ್ಲ. ಏಕೆ? ಸರ್ಕಾರಗಳಿಗೆ ಏನು ಮಾಡಬೇಕೆಂದು ಗೊತ್ತಿಲ್ಲವೇ? ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು, ಅದರ ಒಂದು ಭಾಗವನ್ನು ಇದೇ ತಾಲ್ಲೂಕುಗಳಲ್ಲಿ ಕಳೆದವನಾಗಿ ನಾನು ಹೇಳಬಲ್ಲೆ: ಗೊತ್ತಿದೆ. ಸಮಿತಿಗಳ ವರದಿಗಳಿಗೆ ಈ ದೇಶದಲ್ಲಿ ಎಂದೂ ಬರ ಬಂದಿಲ್ಲ. ಕೊರತೆ ಇರುವುದು ಅರಿವಿನದಲ್ಲ, ವಿಶ್ವಾಸದ್ದು.

ಗೂಡಿನ ಮಾರುಕಟ್ಟೆಯ ಪಾಠ

ಎಂಬತ್ತರ ದಶಕದ ಕೊನೆಯಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ತರಬೇತಿಯ ಅಂಗವಾಗಿ ನಾನು ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿದ್ದೆ. ಬೆಳಗಿನ ಹೊತ್ತು, ಗೂಡಿನ ಆ ವಿಶಿಷ್ಟ ವಾಸನೆ, ಜಾಲರಿಗಳಲ್ಲಿ ಹರವಿದ ಹಳದಿ–ಬಿಳಿ ರಾಶಿಗಳು, ಹರಾಜು ಕೂಗುವವರ ಸದ್ದು. ರಾಜ್ಯದ 1959ರ ಕಾಯ್ದೆಯ ಪ್ರಕಾರ ರೇಷ್ಮೆಗೂಡಿನ ವಹಿವಾಟು ನಿಗದಿತ ಮಾರುಕಟ್ಟೆಯಲ್ಲಿಯೇ ನಡೆಯಬೇಕು. ತೂಕ ಅಲ್ಲಿಯೇ, ಬೆಲೆ ಅಲ್ಲಿಯೇ, ಶುಲ್ಕವೂ ಅಲ್ಲಿಯೇ. ಒಬ್ಬ ಹಿರಿಯ ನೌಕರರು ನನಗೆ ಹೇಳಿದ ಮಾತು ಅರ್ಥಶಾಸ್ತ್ರದ ಎರಡು ವರ್ಷಗಳ ಎಂ.ಎ. ವ್ಯಾಸಂಗದಲ್ಲಿ ನಾನು ಕೇಳಿರಲಿಲ್ಲ: ‘ಸ್ವಾಮಿ, ಸೂರಿನ ಕೆಳಗೆ ಬಂದ ಗೂಡಿಗೆ ಮಾತ್ರ ಶುಲ್ಕ. ಹಿತ್ತಲಲ್ಲಿ ಮಾರಿದ್ದಕ್ಕೆ ನಾವು ಎಲ್ಲಿಂದ ತರೋಣ?’

ತೆರಿಗೆ ಎಂಬುದು ನ್ಯಾಯವನ್ನು ಅನುಸರಿಸುವುದಕ್ಕಿಂತ ಹೆಚ್ಚಾಗಿ ಕಣ್ಣನ್ನು ಅನುಸರಿಸುತ್ತದೆ. ಯಾವುದು ಕಾಣುತ್ತದೋ ಅದರ ಮೇಲೆ ಬೀಳುತ್ತದೆ. ಕಾಣುವವನು ಬಡವನೇ, ಕಾಣದವನು ಸಿರಿವಂತನೇ ಎಂಬುದನ್ನು ಅದು ನಂತರ ವಿಚಾರಿಸುತ್ತದೆ, ಅಥವಾ ವಿಚಾರಿಸುವುದೇ ಇಲ್ಲ.

ಇಂದಿನ ಸರಕು ಮತ್ತು ಸೇವಾ ತೆರಿಗೆಯಲ್ಲಿ, ಅಂದರೆ ಜಿಎಸ್‌ಟಿಯಲ್ಲಿ, ರೇಷ್ಮೆಗೂಡಿಗೂ ಕಚ್ಚಾ ರೇಷ್ಮೆಗೂ ತೆರಿಗೆ ಇಲ್ಲ. ರೇಷ್ಮೆ ಬಟ್ಟೆಗೆ ಶೇ 5ರಷ್ಟಿದೆ. ಕೇಳಲು ಇದು ಉದಾರವಾಗಿಯೇ ಇದೆ. ಆದರೆ ವಿನಾಯಿತಿ ಪಡೆದ ನೂಲು ಬಿಚ್ಚುವವನು ತಾನು ಕೊಳ್ಳುವ ಯಂತ್ರಕ್ಕೆ, ಬಿಡಿಭಾಗಕ್ಕೆ ತೆತ್ತ ತೆರಿಗೆಯನ್ನು ಹಿಂಪಡೆಯಲಾರ. ಅದು ಬೆಲೆಯೊಳಗೆ ಅಡಗಿ ಕೂರುತ್ತದೆ. ಹೀಗಿದ್ದರೂ ವಿನಾಯಿತಿಯನ್ನು ತೆಗೆದು ಸರಪಳಿಯನ್ನು ಪೂರ್ಣಗೊಳಿಸಿ ಎಂದು ಯಾವ ರೀಲರೂ ಕೇಳುವುದಿಲ್ಲ. ಅವನಿಗೆ ಅಡಗಿದ ತೆರಿಗೆಗಿಂತ ನೋಂದಣಿಯ, ಲೆಕ್ಕಪತ್ರದ, ನೋಟಿಸಿನ ಭಯವೇ ದೊಡ್ಡದು. ಸುಧಾರಣೆಯಿಂದ ಲಾಭ ಪಡೆಯಬೇಕಾದವನೇ ಅದಕ್ಕೆ ಹೆದರುವ ಈ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳದೆ ತೆರಿಗೆಯ ರಾಜಕಾರಣ ಅರ್ಥವಾಗದು.

ಬೊಂಬೆಯ ಎಂಟು ವರ್ಷ

ಚನ್ನಪಟ್ಟಣದ ಬೊಂಬೆಯ ಕಥೆ ಇನ್ನೂ ಬೋಧಪ್ರದ. ಹಾಲೆ ಮರವನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಮಾಡುವ ಈ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಜಿಎಸ್‌ಟಿ ಜಾರಿಗೆ ಬಂದ ಮರುವರ್ಷ, 2018ರಲ್ಲಿ, ಕರಕುಶಲ ವಸ್ತುಗಳಿಗಾಗಿ ಹೊರಡಿಸಿದ ಅಧಿಸೂಚನೆಯಲ್ಲಿ ಸಾವಂತವಾಡಿಯ ಮರದ ಆಟಿಕೆ, ತಂಜಾವೂರಿನ ಗೊಂಬೆಗಳ ಜೊತೆಗೆ ‘ಚನ್ನಪಟ್ಟಣದ ಆಟಿಕೆ’ಯ ಹೆಸರೂ ಇದೆ. ದೇಶದ ತೆರಿಗೆ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂದದ್ದು ಹೆಮ್ಮೆಯೇ ಸರಿ. ಆದರೆ ಆ ಹೆಸರಿನ ಎದುರಿಗಿದ್ದ ದರ ಶೇ 12. ಅದು ಶೇ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು, ಇಡೀ ದೇಶದ ದರಪಟ್ಟಿಯನ್ನೇ ಶೇ 5 ಮತ್ತು ಶೇ 18ರ ಎರಡು ಮುಖ್ಯ ದರಗಳಿಗೆ ಇಳಿಸಿದಾಗ. ಒಂದು ಸಣ್ಣ ಕರಕುಶಲ ವಸ್ತುವಿನ ದರ ಇಳಿಯಲು ಜಿಎಸ್‌ಟಿಯ ಆರಂಭದಿಂದ ಎಂಟು ವರ್ಷ ಬೇಕಾಯಿತು.

ಈ ಎಂಟು ವರ್ಷಗಳಲ್ಲಿ ಬೊಂಬೆಯವರ ವಿರುದ್ಧ ಯಾರಿಗಾದರೂ ದ್ವೇಷವಿತ್ತೇ? ಖಂಡಿತ ಇಲ್ಲ. ಬದಲಾಗಿ ಹೊರದೇಶದ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಲಾಯಿತು. ಗಡಿಯಲ್ಲಿ ರಕ್ಷಣೆ ಕೊಡುವುದು ಸುಲಭ. ಅದಕ್ಕೆ ಕೇಂದ್ರ ಸರ್ಕಾರದ ಒಂದು ಬಜೆಟ್ ಸಾಕು. ಒಳಗಿನ ದರ ಇಳಿಸಲು ಕೇಂದ್ರ ಮತ್ತು ಎಲ್ಲ ರಾಜ್ಯಗಳು ಕುಳಿತಿರುವ ಮಂಡಳಿ ಒಪ್ಪಬೇಕು. ಬೊಂಬೆಗೆ ಕೊಟ್ಟರೆ ಹಿತ್ತಾಳೆ ಪಾತ್ರೆಗೆ ಏಕಿಲ್ಲ, ಪಾತ್ರೆಗೆ ಕೊಟ್ಟರೆ ಚರ್ಮದ ಚೀಲಕ್ಕೆ ಏಕಿಲ್ಲ ಎಂಬ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ. ಹಾಗಾಗಿ ಮಂಡಳಿಗೆ ಸಣ್ಣ ತಿದ್ದುಪಡಿಯೂ ದೊಡ್ಡ ಜಗಳವಾಗಿ ಕಾಣುತ್ತದೆ.

ಇದೇ 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದವು. ವಾರ್ಷಿಕ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಮೀರಿದವರು ನೋಂದಣಿ ಮಾಡಿಸಬೇಕೆಂಬುದು ಕಾನೂನು. ಇಲಾಖೆ ಕಾನೂನಿನ ಪ್ರಕಾರವೇ ನಡೆದಿತ್ತು. ಆದರೆ ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್‌ಗಳು ರಾತ್ರೋರಾತ್ರಿ ಮಾಯವಾದವು; ‘ನಗದು ಮಾತ್ರ’ ಎಂಬ ಫಲಕಗಳು ಬಂದವು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಭರವಸೆ ಕೊಡಬೇಕಾಯಿತು. ಕಾಣುವವನ ಮೇಲೆ ತೆರಿಗೆ ಹಾಕಿದರೆ ಅವನು ಕಾಣದಂತಾಗಲು ಯತ್ನಿಸುತ್ತಾನೆ. ಗೂಡಿನ ಮಾರುಕಟ್ಟೆಯ ಆ ಹಿರಿಯರ ಮಾತು ನನಗೆ ಮತ್ತೆ ನೆನಪಾಯಿತು.

ಕಾಣದ ಸಂಪತ್ತು

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕಳೆದ ಎರಡು ದಶಕಗಳಲ್ಲಿ ಸೃಷ್ಟಿಯಾದ ಅತಿ ದೊಡ್ಡ ಸಂಪತ್ತು ಯಾವುದು? ರೇಷ್ಮೆಯಲ್ಲ, ಬೊಂಬೆಯಲ್ಲ. ಬಿಡದಿಯಲ್ಲಿ 1999ರಲ್ಲಿ ಕಾರು ತಯಾರಿಕೆ ಆರಂಭವಾದುದರಿಂದ ಹಿಡಿದು 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದುದರವರೆಗೆ, ಪ್ರತಿಯೊಂದು ಹೆಜ್ಜೆಯೂ ಭೂಮಿಯ ಬೆಲೆಯನ್ನು ಏರಿಸಿತು. ಭೂಮಿಯ ಒಡೆಯ ಅದಕ್ಕಾಗಿ ಬೆವರು ಸುರಿಸಬೇಕಾಗಿರಲಿಲ್ಲ. ರಸ್ತೆ ಮಾಡಿದವರು ಸರ್ಕಾರ, ಹಣ ಕೊಟ್ಟವರು ತೆರಿಗೆದಾರರು. ಏರಿಕೆ ಮಾತ್ರ ಪಹಣಿಯಲ್ಲಿ ಹೆಸರಿದ್ದವರದ್ದು.

ಈ ಏರಿಕೆಯ ಮೇಲೆ ತೆರಿಗೆ ಎಷ್ಟು? ಆದಾಯ ತೆರಿಗೆ ಕಾನೂನಿನ ಪ್ರಕಾರ ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಜನಸಂಖ್ಯೆ ಇರುವ ಪಟ್ಟಣದ ಎಲ್ಲೆಯಿಂದ 2 ಕಿಲೋಮೀಟರ್ ಆಚೆಗಿನ ಕೃಷಿ ಭೂಮಿ ‘ಬಂಡವಾಳ ಆಸ್ತಿ’ಯೇ ಅಲ್ಲ. ಅದನ್ನು ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಇಲ್ಲ. 2011ರ ಜನಗಣತಿಯಲ್ಲಿ ರಾಮನಗರದ ಜನಸಂಖ್ಯೆ 95 ಸಾವಿರ, ಚನ್ನಪಟ್ಟಣದ್ದು ಸುಮಾರು 72 ಸಾವಿರ, ಕನಕಪುರದ್ದು 54 ಸಾವಿರ, ಮಾಗಡಿಯದ್ದು ಸುಮಾರು 28 ಸಾವಿರ. ನಾಲ್ಕೂ ಇದೇ ವರ್ಗಕ್ಕೆ ಸೇರುತ್ತವೆ. ಅಂದರೆ ಈ ಊರುಗಳ ಸುತ್ತ ಎರಡು ಕಿಲೋಮೀಟರ್ ದಾಟಿದರೆ, ಎಕರೆ ಎಷ್ಟು ಕೋಟಿಗೆ ಹೋದರೂ, ಅದು ಕೃಷಿ ಭೂಮಿಯಾಗಿ ಇರುವವರೆಗೆ, ಲಾಭ ಪೂರ್ತಿ ಮಾರಿದವನದ್ದು. ಹತ್ತಿರದಲ್ಲೇ ಬೆಂಗಳೂರಿನಂತಹ ಮಹಾನಗರವಿದ್ದರೆ ಅದರ ಎಲ್ಲೆಯಿಂದ 8 ಕಿಲೋಮೀಟರ್ ದಾಟಿರಬೇಕು, ಅಷ್ಟೇ.

ಇಲ್ಲಿ ನಾನೊಂದು ವಿಷಯವನ್ನು ಮುಚ್ಚಿಡಬಾರದು. ನಾನೂ ಈ ವ್ಯವಸ್ಥೆಯ ಫಲಾನುಭವಿ. ಮಾಗಡಿ ತಾಲ್ಲೂಕಿನಲ್ಲಿ ನಮ್ಮ ಪಿತ್ರಾರ್ಜಿತ ಹೊಲವಿತ್ತು. ತಂದೆಯವರು ರಾಗಿ, ಅವರೆ ಬೆಳೆಯುತ್ತಿದ್ದ ಎರಡು ಎಕರೆಯ ನನ್ನ ಪಾಲನ್ನು ನಿವೃತ್ತಿಯ ನಂತರ ಮಾರಿದೆ. ಬಂದ ಹಣ, ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಉಳಿಸಿದ್ದಕ್ಕಿಂತ ಹೆಚ್ಚು. ಲೆಕ್ಕಪರಿಶೋಧಕರು ಕಾಗದಗಳನ್ನು ನೋಡಿ, ‘ಸರ್, ಇದಕ್ಕೆ ಟ್ಯಾಕ್ಸ್ ಬರೋದಿಲ್ಲ’ ಎಂದರು. ಸಂಬಳದ ಪ್ರತಿ ರೂಪಾಯಿಗೂ ಮೂಲದಲ್ಲಿಯೇ ತೆರಿಗೆ ಕಡಿತವಾಗಿ, ಪಿಂಚಣಿಗೂ ಲೆಕ್ಕ ಕೊಡುವವನಿಗೆ, ಬೆವರಿಲ್ಲದೆ ಬಂದ ಈ ಹಣಕ್ಕೆ ಒಂದು ಪೈಸೆಯ ತೆರಿಗೆಯೂ ಇರಲಿಲ್ಲ. ಎಲ್ಲವೂ ಕಾನೂನುಬದ್ಧ. ಅರ್ಥಶಾಸ್ತ್ರ ಓದಿದ ನಾನು ಅಂದು ಯಾವ ಪತ್ರಿಕೆಗೂ ಲೇಖನ ಬರೆಯಲಿಲ್ಲ. ಸುಮ್ಮನೆ ಹಣವನ್ನು ಬ್ಯಾಂಕಿಗೆ ಹಾಕಿದೆ. ತೆರಿಗೆ ಸುಧಾರಣೆ ಏಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ನನ್ನ ಆ ಮೌನದಲ್ಲಿಯೇ ಇದೆ.

ನಷ್ಟ ಹತ್ತಿರ, ಲಾಭ ದೂರ

ಮೊದಲ ಕಾರಣವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಮನ್ಸೂರ್ ಓಲ್ಸನ್ 1965ರಷ್ಟು ಹಿಂದೆಯೇ ವಿವರಿಸಿದ್ದಾರೆ. ನಷ್ಟ ಕೆಲವರಿಗೆ ದೊಡ್ಡದಾಗಿ ತಟ್ಟಿದರೆ ಅವರು ಸಂಘಟಿತರಾಗುತ್ತಾರೆ. ಲಾಭ ಬಹುಜನರಿಗೆ ಚೂರುಚೂರಾಗಿ ಹಂಚಿಹೋದರೆ ಯಾರೂ ಅದಕ್ಕಾಗಿ ಬೀದಿಗಿಳಿಯುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ತೊಂಬತ್ತರ ದಶಕದಲ್ಲಿ, ಈ ಭಾಗದ ಒಂದು ಊರಿನ ಸ್ಥಳೀಯ ಸಂಸ್ಥೆಯ ಸಭೆಯಲ್ಲಿ.

ಮನೆ ಕಂದಾಯದ ಪರಿಷ್ಕರಣೆ ಅಂದಿನ ಕಾರ್ಯಸೂಚಿ. ಹಳೆಯ ಪಟ್ಟಿಯ ಪ್ರಕಾರ ಪೇಟೆ ಬೀದಿಯ ಮೂರು ಮಹಡಿ ಕಟ್ಟಡಕ್ಕೂ ಹಿಂದಿನ ಓಣಿಯ ಹೆಂಚಿನ ಮನೆಗೂ ಹೆಚ್ಚು ಅಂತರವಿರಲಿಲ್ಲ. ಇದು ಅನ್ಯಾಯವೆಂದು ಎಲ್ಲ ಸದಸ್ಯರೂ ಒಪ್ಪಿದರು. ಒಬ್ಬರಂತೂ ಬಡವರ ಪರವಾಗಿ ಮನಕರಗುವಂತೆ ಮಾತನಾಡಿದರು. ಕೊನೆಗೆ ನಿರ್ಣಯ: ‘ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.’ ಆ ಮುಂದಿನ ಸಭೆ ನಾನು ಅಲ್ಲಿಂದ ವರ್ಗವಾಗುವವರೆಗೂ ಬರಲಿಲ್ಲ. ಹೊರಬಂದಾಗ ಒಬ್ಬ ಸದಸ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ‘ಏರಿಸಿದರೆ ಪೇಟೆ ಬೀದಿಯವರು ನಾಳೆ ಬೆಳಿಗ್ಗೆ ನಮ್ಮ ಮನೆ ಬಾಗಿಲಲ್ಲಿ ಇರ್ತಾರೆ ಸರ್. ಇಳಿದರೆ ಓಣಿಯವರಿಗೆ ಅದು ಇಳಿದದ್ದೇ ಗೊತ್ತಾಗೋದಿಲ್ಲ.’ ಓಲ್ಸನ್ ಅವರ ಇಡೀ ಗ್ರಂಥದ ಸಾರ ಆ ಎರಡು ವಾಕ್ಯಗಳಲ್ಲಿತ್ತು.

ಇದು ನಮ್ಮ ಪುಟ್ಟ ಊರುಗಳ ದೌರ್ಬಲ್ಯ ಮಾತ್ರ ಎಂದು ಭಾವಿಸಬೇಕಿಲ್ಲ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಮನೆ ತೆರಿಗೆಯನ್ನು ತೆಗೆದು ತಲೆಗೆ ಇಷ್ಟೆಂಬ ತೆರಿಗೆಯನ್ನು 1989–90ರಲ್ಲಿ ತಂದರು. ಲಂಡನ್ನಿನ ಬೀದಿಗಳಲ್ಲಿ ಗಲಭೆಗಳಾದವು. ಅದೇ ವರ್ಷದ ಕೊನೆಗೆ ಅವರು ಅಧಿಕಾರ ಕಳೆದುಕೊಂಡರು. 1993ರಲ್ಲಿ ಬಂದ ಹೊಸ ಮನೆ ತೆರಿಗೆಗೆ ಆಧಾರವಾದದ್ದು 1991ರ ಆಸ್ತಿ ಬೆಲೆ. ಇಂಗ್ಲೆಂಡಿನಲ್ಲಿ ಇಂದಿಗೂ ಅದೇ 1991ರ ಬೆಲೆಯೇ ಆಧಾರ. ಒಮ್ಮೆ ಕೈ ಸುಟ್ಟುಕೊಂಡ ಸರ್ಕಾರಗಳು ಆ ಒಲೆಯ ಹತ್ತಿರವೇ ಸುಳಿಯಲಿಲ್ಲ.

ನಮ್ಮಲ್ಲಿ ಮಾರ್ಗಸೂಚಿ ದರಗಳ ಪರಿಷ್ಕರಣೆಯೂ ಹೀಗೆಯೇ. ವರ್ಷಗಟ್ಟಲೆ ಮುಟ್ಟದೆ ಬಿಟ್ಟು, 2023ರ ಅಕ್ಟೋಬರ್‌ನಲ್ಲಿ ಒಮ್ಮೆಲೇ ಸರಾಸರಿ ಶೇ 30ರಷ್ಟು ಏರಿಸಲಾಯಿತು. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಹೆಚ್ಚಿಸಲಾಯಿತು. ವರ್ಷವರ್ಷವೂ ಸ್ವಲ್ಪ ಏರಿದರೆ ಸಹಿಸಿಕೊಳ್ಳುವ ಜನ, ಒಮ್ಮೆಲೇ ಬಂದ ಏರಿಕೆಯನ್ನು ದಂಡವೆಂದೇ ಭಾವಿಸುತ್ತಾರೆ. ಮುಂದೂಡುವುದು ರಾಜಕಾರಣಿಗೆ ಇಂದಿನ ನೆಮ್ಮದಿ. ನಾಳೆಯ ಸುಧಾರಣೆಗೆ ಅದೇ ದೊಡ್ಡ ಶತ್ರು.

ಮಾತಿನ ಬೆಲೆ

ಎರಡನೆಯ ಕಾರಣ ಇನ್ನೂ ಆಳವಾದದ್ದು. ಸುಧಾರಣೆಯಿಂದ ಇಂದು ಕಳೆದುಕೊಳ್ಳುವವನಿಗೆ ‘ನಾಳೆ ತುಂಬಿಕೊಡುತ್ತೇವೆ’ ಎಂದು ಸರ್ಕಾರ ಹೇಳಬಹುದು. ಅವನು ನಂಬಬೇಕಲ್ಲ?

ಜಿಎಸ್‌ಟಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅಬಕಾರಿ ಸುಂಕದಲ್ಲಿ ಮೌಲ್ಯವರ್ಧಿತ ಪದ್ಧತಿಯ ಮೊದಲ ರೂಪ ಬಂದದ್ದು 1986ರಲ್ಲಿ. ರಾಜಾ ಚೆಲ್ಲಯ್ಯ ಸಮಿತಿ ತೊಂಬತ್ತರ ದಶಕದ ಆರಂಭದಲ್ಲಿ ದಾರಿ ತೋರಿತು. ರಾಜ್ಯಗಳಲ್ಲಿ ವ್ಯಾಟ್ ಜಾರಿಯಾದದ್ದು 2005ರ ಏಪ್ರಿಲ್ 1ರಂದು. 2006ರ ಬಜೆಟ್ಟಿನಲ್ಲಿ ಪಿ. ಚಿದಂಬರಂ ಅವರು 2010ರ ಏಪ್ರಿಲ್‌ನಿಂದ ಜಿಎಸ್‌ಟಿ ಎಂದು ಘೋಷಿಸಿದರು. 2011ರಲ್ಲಿ ಮಂಡಿಸಿದ ಸಂವಿಧಾನ ತಿದ್ದುಪಡಿ ಮಸೂದೆ 2014ರಲ್ಲಿ ಲೋಕಸಭೆಯ ಜೊತೆಗೇ ಕೊನೆಯುಸಿರೆಳೆಯಿತು. ಮತ್ತೊಂದು ಮಸೂದೆ ಬಂದು, ತೆರಿಗೆ ಜಾರಿಯಾದದ್ದು 2017ರ ಜುಲೈ 1ರಂದು. ಈ ಅವಧಿಯಲ್ಲಿ ಎರಡೂ ದೊಡ್ಡ ರಾಷ್ಟ್ರೀಯ ಪಕ್ಷಗಳು ಅಧಿಕಾರದಲ್ಲಿದ್ದಾಗ ಜಿಎಸ್‌ಟಿ ಬೇಕೆಂದವು, ವಿರೋಧ ಪಕ್ಷದಲ್ಲಿದ್ದಾಗ ಅನುಮಾನ ಪಟ್ಟವು.

ಕರ್ನಾಟಕದಂತಹ ಉತ್ಪಾದಕ ರಾಜ್ಯಗಳಿಗೆ ನಿಜವಾದ ಆತಂಕವಿತ್ತು. ಜಿಎಸ್‌ಟಿ ಬಳಕೆಯ ಸ್ಥಳದಲ್ಲಿ ಸಲ್ಲುವ ತೆರಿಗೆ. ಬಿಡದಿಯಲ್ಲಿ ತಯಾರಾದ ಕಾರು ಬಿಹಾರದಲ್ಲಿ ಮಾರಾಟವಾದರೆ ರಾಜ್ಯದ ಪಾಲಿನ ತೆರಿಗೆ ಬಿಹಾರಕ್ಕೆ. ಇದಕ್ಕೆ ಒಪ್ಪಿಸಲು ಕೇಂದ್ರವು, 2015–16ರ ವರಮಾನವನ್ನು ಆಧಾರವಾಗಿಟ್ಟು ವರ್ಷಕ್ಕೆ ಶೇ 14ರ ಬೆಳವಣಿಗೆಯ ಲೆಕ್ಕದಲ್ಲಿ ಐದು ವರ್ಷ ಪರಿಹಾರ ಕೊಡುವುದಾಗಿ ಕಾನೂನಿನಲ್ಲಿಯೇ ಬರೆದುಕೊಟ್ಟಿತು. ಬರೆದುಕೊಟ್ಟ ಕಾರಣಕ್ಕೇ ರಾಜ್ಯಗಳು ಸಹಿ ಹಾಕಿದವು. ಆದರೆ 2020ರಲ್ಲಿ ಕೋವಿಡ್ ಬಂದು ಸೆಸ್ ಸಂಗ್ರಹ ಕುಸಿದಾಗ, ರಾಜ್ಯಗಳೇ ಸಾಲ ಮಾಡಿಕೊಳ್ಳಲಿ ಎಂಬ ಸಲಹೆ ದೆಹಲಿಯಿಂದ ಬಂತು. ತಿಂಗಳುಗಳ ಹಗ್ಗಜಗ್ಗಾಟದ ನಂತರ ಕೇಂದ್ರವೇ ಸಾಲ ಪಡೆದು ರಾಜ್ಯಗಳಿಗೆ ದಾಟಿಸಿತು: ಮೊದಲ ವರ್ಷ 1.1 ಲಕ್ಷ ಕೋಟಿ, ಮರುವರ್ಷ 1.59 ಲಕ್ಷ ಕೋಟಿ ರೂಪಾಯಿ. ಹಣ ಬಂತು, ನಿಜ. ಆದರೆ ಮಾತಿನ ಬೆಲೆ ಸ್ವಲ್ಪ ಇಳಿಯಿತು. ಅದೇ ಹೊತ್ತಿಗೆ ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಕುಸಿಯಿತು. 2025ರಲ್ಲಿ ದರಗಳು ಇಳಿದಾಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳು ಮತ್ತೆ ಪರಿಹಾರದ ಖಾತರಿ ಕೇಳಿದ್ದನ್ನು ಕೇವಲ ರಾಜಕೀಯವೆಂದು ತಳ್ಳಿಹಾಕಲಾಗದು.

ಪೆಟ್ರೋಲ್, ಡೀಸೆಲ್ ಮತ್ತು ಮದ್ಯ ಇಂದಿಗೂ ಜಿಎಸ್‌ಟಿಯ ಹೊರಗಿರುವುದು ಈ ಅಪನಂಬಿಕೆಯ ಫಲವೇ. ಕೈಯಲ್ಲಿ ಉಳಿದ ಕೊನೆಯ ಕೀಲಿಕೈಯನ್ನು ಯಾವ ರಾಜ್ಯವೂ ಬಿಟ್ಟುಕೊಡಲಾರದು. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದ್ದು ಆ ಕೀಲಿಕೈಯಿಂದಲೇ. ಕನಕಪುರದಿಂದ ಟೊಮೆಟೊ ಹೇರಿಕೊಂಡು ಬೆಂಗಳೂರಿಗೆ ಹೋಗುವ ಗೂಡ್ಸ್ ಆಟೋದವನು ಆ ಅಪನಂಬಿಕೆಯ ಬೆಲೆಯನ್ನು ದಿನವೂ ತೆರುತ್ತಾನೆ.

ಮೂರನೆಯ ಕಾರಣ, ತೆರಿಗೆ ನಿರ್ಧರಿಸುವವರಲ್ಲಿ ಬಹಳಷ್ಟು ಮಂದಿ ತೆರಿಗೆ ತಪ್ಪಿದ ಆಸ್ತಿಯ ಒಡೆಯರೂ ಆಗಿರುವುದು. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯಗಳದ್ದು. 1972ರಲ್ಲಿ ಕೆ.ಎನ್. ರಾಜ್ ಸಮಿತಿ, ಸಣ್ಣ ರೈತನನ್ನು ಹೊರಗಿಟ್ಟು ದೊಡ್ಡ ಹಿಡುವಳಿಗಳ ಮೇಲೆ ತೆರಿಗೆ ಹಾಕುವ ಸುವಿವೇಚಿತ ಸೂತ್ರವೊಂದನ್ನು ಕೊಟ್ಟಿತು. ಯಾವ ರಾಜ್ಯವೂ ಅದನ್ನು ಸಮಗ್ರವಾಗಿ ಜಾರಿಗೊಳಿಸಲಿಲ್ಲ. ರೈತನ ಹೆಸರು ಹೇಳಿದ ಕೂಡಲೇ ವಿಧಾನಸಭೆಯ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ. ಒಂದು ಎಕರೆ ಹಿಪ್ಪುನೇರಳೆಯವನ ಕಣ್ಣೀರಿನ ಮರೆಯಲ್ಲಿ ನೂರು ಎಕರೆಯವನು, ನನ್ನಂತಹ ನಿವೃತ್ತ ಅಧಿಕಾರಿಯೂ ಸುರಕ್ಷಿತವಾಗಿ ನಿಂತುಬಿಡುತ್ತಾರೆ.

ಗೆದ್ದ ಸುಧಾರಣೆಗಳು

ಹಾಗೆಂದು ಸುಧಾರಣೆ ಅಸಾಧ್ಯವೇ? ಅಲ್ಲ. ಮೂರು ಉದಾಹರಣೆಗಳನ್ನು ನೋಡಿ.

ಊರ ಬಾಗಿಲಲ್ಲಿ ನಾಕಾ ಹಾಕಿ ಎತ್ತಿನ ಗಾಡಿಯಿಂದಲೂ ಆಕ್ಟ್ರಾಯ್ ವಸೂಲು ಮಾಡುತ್ತಿದ್ದ ಕಾಲ ನನ್ನ ತಲೆಮಾರಿನವರಿಗೆ ನೆನಪಿದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಿದ್ದು ಅಂತಹ ಸುಂಕದ ಕಟ್ಟೆಗಳಲ್ಲಿಯೇ. ಕರ್ನಾಟಕ 1979ರಲ್ಲಿಯೇ ಅದನ್ನು ರದ್ದುಪಡಿಸಿತು. ಸಾಧ್ಯವಾದದ್ದು ಹೇಗೆ? ಬದಲಿಗೆ ಪ್ರವೇಶ ತೆರಿಗೆಯನ್ನು ತಂದು, ಪುರಸಭೆಗಳಿಗೆ ಪರಿಹಾರದ ಅನುದಾನ ಕೊಟ್ಟಿದ್ದರಿಂದ. ಇದಕ್ಕೂ ಒಂದು ಬೆಲೆ ಇತ್ತು ಎಂಬುದನ್ನು ಒಪ್ಪಬೇಕು: ಸ್ವಂತ ವರಮಾನ ಕಳೆದುಕೊಂಡ ಪುರಸಭೆಗಳು ಅಂದಿನಿಂದ ಬೆಂಗಳೂರಿನ ಕಡೆ ಕೈಚಾಚಿ ನಿಲ್ಲುವುದನ್ನು ಕಲಿತವು.

2005ರ ವ್ಯಾಟ್ ವೇಳೆ ನಾನು ವಿಧಾನಸೌಧದಲ್ಲಿ ಕೆಲಸ ಮಾಡುತ್ತಿದ್ದೆ. ದೇಶದಾದ್ಯಂತ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ತಮಿಳುನಾಡು 2007ರವರೆಗೆ, ಉತ್ತರ ಪ್ರದೇಶ 2008ರವರೆಗೆ ಹೊರಗೇ ಉಳಿದವು. ಆದರೂ ಧರ್ಮಸಿಂಗ್ ನೇತೃತ್ವದ ಸಮ್ಮಿಶ್ರ ಸರ್ಕಾರ, ಸಿದ್ದರಾಮಯ್ಯನವರು ಹಣಕಾಸು ಸಚಿವರಾಗಿದ್ದಾಗ, ನಿಗದಿತ ದಿನದಂದೇ ಕರ್ನಾಟಕದಲ್ಲಿ ಅದನ್ನು ಜಾರಿಗೊಳಿಸಿತು. ಮೊದಲ ವರ್ಷ ಶೇ 100, ಎರಡನೆಯ ವರ್ಷ ಶೇ 75, ಮೂರನೆಯ ವರ್ಷ ಶೇ 50ರಷ್ಟು ನಷ್ಟ ಭರಿಸುವ ಕೇಂದ್ರದ ಖಾತರಿ ಬೆನ್ನಿಗಿತ್ತು.

ಮೂರನೆಯದು 1997ರ ಕೇಂದ್ರ ಬಜೆಟ್. 1994ರಲ್ಲಿ ರಾಮನಗರದಿಂದ ವಿಧಾನಸಭೆಗೆ ಗೆದ್ದು ಮುಖ್ಯಮಂತ್ರಿಯಾಗಿ, ನಂತರ ಪ್ರಧಾನಿಯಾದ ಎಚ್.ಡಿ. ದೇವೇಗೌಡರ ಸಂಯುಕ್ತ ರಂಗದ ಸರ್ಕಾರ ಆದಾಯ ತೆರಿಗೆಯ ಶೇ 15, 30, 40ರ ದರಗಳನ್ನು ಶೇ 10, 20, 30ಕ್ಕೆ ಇಳಿಸಲು ಪ್ರಸ್ತಾಪಿಸಿತು. ಬಜೆಟ್ ಅಂಗೀಕಾರವಾಗುವ ಮೊದಲೇ ಆ ಸರ್ಕಾರ ಬಿತ್ತು. ದರಗಳು ಬೀಳಲಿಲ್ಲ, ಶೇ 30ರ ಗರಿಷ್ಠ ದರ ಇಂದಿಗೂ ಉಳಿದಿದೆ. ಆದರೆ ಪೂರ್ಣ ಬಲದ ಸರ್ಕಾರಗಳೂ ಮುಟ್ಟದೆ ಬಿಟ್ಟ ತೆರಿಗೆಗಳು ಎಷ್ಟೋ ಇವೆ. ಆದ್ದರಿಂದ ಬಹುಮತವಿದ್ದರೆ ಸುಧಾರಣೆ, ಇಲ್ಲದಿದ್ದರೆ ಇಲ್ಲ ಎಂಬ ವಾದ ನಿಲ್ಲುವುದಿಲ್ಲ.

ಮೂರರಲ್ಲೂ ಸಮಾನವಾದದ್ದು ಏನು? ಕಳೆದುಕೊಳ್ಳುವವನಿಗೆ ಸ್ಪಷ್ಟ ಖಾತರಿ ಇತ್ತು, ಇಲ್ಲವೇ ಗಳಿಸುವವನಿಗೆ ತಾನು ಗಳಿಸಿದ್ದು ಕಣ್ಣಿಗೆ ಕಾಣುವಂತಿತ್ತು. ದರ ಇಳಿಸುವ ಸುಧಾರಣೆ ಆದ್ದರಿಂದಲೇ ಸುಲಭ; ತೆರಿಗೆಯ ವ್ಯಾಪ್ತಿ ಹಿಗ್ಗಿಸುವ ಸುಧಾರಣೆ ಕಷ್ಟ. ನಮಗೆ ಈಗ ಬೇಕಾಗಿರುವುದು ಕಷ್ಟದ್ದು.

ನಾಲ್ಕು ಊರುಗಳಿಂದ ಆರಂಭ

ದೇಶದಲ್ಲಿ ಆಸ್ತಿ ತೆರಿಗೆಯ ಒಟ್ಟು ಸಂಗ್ರಹ ರಾಷ್ಟ್ರೀಯ ಉತ್ಪನ್ನದ ಶೇ ಕಾಲು ಭಾಗಕ್ಕಿಂತಲೂ ಕಡಿಮೆ. ಭೂಮಿಯ ಮೇಲಿನ ತೆರಿಗೆ ರಾಜ್ಯ ಪಟ್ಟಿಯಲ್ಲಿದೆ. ಭೂ ಪರಿವರ್ತನೆ, ನೋಂದಣಿ, ಮಾರ್ಗಸೂಚಿ ದರ ಎಲ್ಲವೂ ರಾಜ್ಯದ ಕೈಯಲ್ಲಿವೆ. ದೆಹಲಿಯನ್ನು ಕಾಯಬೇಕಿಲ್ಲ. ವೃಷಭಾವತಿಯ ಕೊಳಚೆಯನ್ನು ಹೊತ್ತು ಕನಕಪುರದ ಬಳಿ ಸಾಗುವ ಅರ್ಕಾವತಿಯೂ ಇನ್ನಷ್ಟು ಕಾಯಲಾರಳು.

ಮಾರ್ಗಸೂಚಿ ದರ ಮತ್ತು ಮನೆ ಕಂದಾಯ ಪ್ರತಿ ವರ್ಷ ಸಣ್ಣ ಪ್ರಮಾಣದಲ್ಲಿ, ತಾನೇ ತಾನಾಗಿ ಪರಿಷ್ಕೃತವಾಗಲಿ. ಯಾವ ಸಭೆಯೂ ಮುಂದೂಡಲಾಗದಂತೆ. ಕೃಷಿ ಭೂಮಿ ಬಡಾವಣೆಯಾಗಿ ಪರಿವರ್ತನೆಯಾಗುವ ಕ್ಷಣದಲ್ಲಿ, ಅಂದರೆ ಹಣ ಕೈಯಲ್ಲಿರುವ ಹೊತ್ತಿನಲ್ಲಿ, ಏರಿದ ಮೌಲ್ಯದ ಒಂದು ಮಿತವಾದ ಪಾಲನ್ನು ಪಡೆಯಲಿ. ಸಣ್ಣ ಹಿಡುವಳಿದಾರನ ಮಾರಾಟಕ್ಕೆ ಉದಾರವಾದ ವಿನಾಯಿತಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಣ ಆ ಊರಿನಲ್ಲಿಯೇ ಉಳಿಯುತ್ತದೆ ಎಂದು ಕಾನೂನಿನಲ್ಲಿ ಮೊದಲೇ ಬರೆಯಲಿ. ಯಾವ ವಾರ್ಡಿನಿಂದ ಎಷ್ಟು ಬಂತು, ಯಾವ ಚರಂಡಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಊರ ಬಸ್ ನಿಲ್ದಾಣದ ಫಲಕದಲ್ಲಿ ಹಾಕಲಿ. ಸದಸ್ಯರು ಮತ್ತು ಅಧಿಕಾರಿಗಳು ತಾವು ತೆತ್ತ ಮನೆ ಕಂದಾಯವನ್ನು ಮೊದಲು ಪ್ರಕಟಿಸಲಿ.

ಇದರಲ್ಲಿ ಹೊಸ ಸಿದ್ಧಾಂತವೇನೂ ಇಲ್ಲ. ತೆರಿಗೆ ಕೊಟ್ಟವನಿಗೆ ಅದು ಎಲ್ಲಿ ಹೋಯಿತೆಂದು ಕಾಣಬೇಕು ಎಂಬುದಷ್ಟೇ ತತ್ವ. ಪೇಟೆ ಬೀದಿಯವನು ಬಾಗಿಲಿಗೆ ಬಂದಾಗ ಆ ಸದಸ್ಯರಿಗೆ ಕೈ ತೋರಿಸಲು ಒಂದು ಚರಂಡಿಯಾದರೂ ಬೇಕು. ಓಣಿಯವನಿಗೆ ತನ್ನ ಕಂದಾಯ ಇಳಿದದ್ದು ರಸೀದಿಯಲ್ಲಿ ಕಾಣಬೇಕು.

ನನ್ನ ಹೊಲ ಮಾರಿದ ಹಣದಲ್ಲಿ ಒಂದು ಭಾಗ ಮಾಗಡಿ ತಾಲ್ಲೂಕಿನ ಒಂದು ಕೆರೆಯ ಹೂಳೆತ್ತಲು ಹೋಗಬೇಕೆಂದು ಕಾನೂನು ಕೇಳಿದ್ದರೆ ನಾನು ಗೊಣಗುತ್ತಿದ್ದೆ, ಆದರೆ ಕೊಡುತ್ತಿದ್ದೆ. ಕೇಳುವ ಕಾನೂನು ಇರಲಿಲ್ಲ. ನಾನಾಗಿ ಕೊಡಲೂ ಇಲ್ಲ. ಚನ್ನಪಟ್ಟಣದ ಬೊಂಬೆಯ ಮೇಲೆ ಏಳು ವರ್ಷಕ್ಕೂ ಮಿಕ್ಕಿ ಶೇ 12ರಷ್ಟು ತೆರಿಗೆ ಬೀಳುತ್ತಿದ್ದ ಜಿಲ್ಲೆಯಲ್ಲಿ, ಹೊಲ ಮಾರಿದ ನಾನು ಏನನ್ನೂ ತೆರಲಿಲ್ಲ. ಜಿಲ್ಲೆಯ ಹೊಸ ಹೆಸರಿನಿಂದ ಭೂಮಿಯ ಬೆಲೆ ಎಷ್ಟು ಏರುತ್ತದೋ ಅಷ್ಟೂ ಈ ಅಂತರ ಹಿಗ್ಗುತ್ತದೆ. ಅದನ್ನು ತಗ್ಗಿಸುವ ಕೆಲಸ ಎಂದಾದರೂ ಆರಂಭವಾಗಬೇಕಾದರೆ, ಈ ವ್ಯವಸ್ಥೆಯಿಂದ ಗಳಿಸಿದ ನಮ್ಮಂಥವರು ಮೊದಲು ಬಾಯಿ ಬಿಡಬೇಕು.